ಅದು ನಮ್ಮ ಹಡಗಲ್ಲ

ಡೊಂಬಿವಲಿಯ ನಮ್ಮ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿಗೆ ಡಿಸೆಂಬರ್ ಬಂತೆಂದರೆ ಹಳೆಯ ಯುದ್ಧದ ವಿಡಿಯೊಗಳು ಹರಿದುಬರುತ್ತವೆ. 4ರಂದು ನೌಕಾಪಡೆ ದಿನ, 16ರಂದು ವಿಜಯ ದಿವಸ. ನಡುವಿನ ದಿನಗಳಲ್ಲಿ ಟ್ಯಾಂಕು, ವಿಮಾನ, ಹಡಗುಗಳದ್ದೇ ಸಾಲು. ಕಳೆದ ಡಿಸೆಂಬರ್ 9ರ ಬೆಳಿಗ್ಗೆ ಬಂದ ಒಂದು ವಿಡಿಯೊ ನನ್ನನ್ನು ಇನ್ನೂ ಬಿಟ್ಟಿಲ್ಲ. ಕಪ್ಪುಬಿಳುಪಿನ ಚಿತ್ರ. ದೊಡ್ಡ ಹಡಗೊಂದು ಮೆಲ್ಲಗೆ ಮಗ್ಗುಲಾಗುತ್ತದೆ. ಅದರ ಒಡಲಿನ ಮೇಲೆ ಕಪ್ಪು ಚುಕ್ಕೆಗಳಂತೆ ಮನುಷ್ಯರು ಜಾರುತ್ತಿರುತ್ತಾರೆ. ಮರುಕ್ಷಣ ಹಡಗಿನ ಹೊಟ್ಟೆಯೇ ಸಿಡಿದು, ಹೊಗೆಯ ಗೋಪುರ ಆಕಾಶಕ್ಕೆ ಏರುತ್ತದೆ. ಹಿನ್ನೆಲೆಯಲ್ಲಿ ಶೋಕದ ಸಂಗೀತ, ಮೇಲೆ ಕನ್ನಡದ ದಪ್ಪ ಅಕ್ಷರಗಳು: ‘ಐಎನ್‌ಎಸ್ ಖುಕ್ರಿಯ ಕೊನೆಯ ಕ್ಷಣಗಳು’. 1971ರ ಯುದ್ಧದಲ್ಲಿ ಪಾಕಿಸ್ತಾನದ ಟಾರ್ಪಿಡೊಗೆ, ಅಂದರೆ ನೀರೊಳಗೆ ಸಾಗಿಬಂದು ಹಡಗನ್ನು ಒಡೆಯುವ ಅಸ್ತ್ರಕ್ಕೆ, ಸಿಕ್ಕಿ ಮುಳುಗಿದ ನಮ್ಮ ನೌಕಾಪಡೆಯ ಹಡಗು ಅದು.

ಹತ್ತು ನಿಮಿಷದಲ್ಲಿ ನಲವತ್ತು ಪ್ರತಿಕ್ರಿಯೆಗಳು ಬಂದವು. ಕೈಮುಗಿದ ಚಿಹ್ನೆಗಳು, ತ್ರಿವರ್ಣಗಳು. ಒಬ್ಬರು ಆ ಟಾರ್ಪಿಡೊ ಯಾವ ದೇಶದ್ದು, ಎಷ್ಟು ದೂರ ಹೋಗುತ್ತದೆ ಎಂದು ಬರೆದರು. ಇನ್ನೊಬ್ಬರು ಸೇಡಿನ ಮಾತು ಆಡಿದರು. ಒಬ್ಬ ತಾಯಿ, ‘ಎಷ್ಟು ಮನೆಗಳ ದೀಪ ಆರಿತೋ’ ಎಂದು ಮಾತ್ರ ಬರೆದರು. ಕೊನೆಗೆ ನಮ್ಮ ಪಕ್ಕದ ಕಟ್ಟಡದ ಹಿರಿಯರೊಬ್ಬರ ಧ್ವನಿ ಸಂದೇಶ ಬಂತು. ಅಂಕೋಲೆಯವರು, ಹರೆಯದಲ್ಲೇ ಮುಂಬಯಿಗೆ ಬಂದು ನೌಕಾಪಡೆಯ ಡಾಕ್‌ಯಾರ್ಡ್‌ನಲ್ಲಿ ಬಾಯ್ಲರ್ ಕೆಲಸ ಕಲಿತು ಅಲ್ಲಿಯೇ ನಿವೃತ್ತರಾದವರು. ಸಂದೇಶ ಅರ್ಧ ನಿಮಿಷದ್ದು. ‘ಖುಕ್ರಿ ಮುಳುಗಿದ್ದು ರಾತ್ರಿ. ಇಲ್ಲಿ ಹಗಲಿದೆ. ಖುಕ್ರಿ ಸಣ್ಣ ಹಡಗು, ಅದರ ಮೇಲೆ ಇಂಥ ತೋಪುಗಳು ಇರಲಿಲ್ಲ. ಇದನ್ನು ಯಾರು ಕಳಿಸಿದರೋ ಗೊತ್ತಿಲ್ಲ, ಅದು ನಮ್ಮ ಹಡಗಲ್ಲ.’

ಗುಂಪು ಸ್ವಲ್ಪ ಹೊತ್ತು ಮೌನವಾಯಿತು. ಆಮೇಲೆ ಯಾರೋ ಬರೆದರು: ‘ಹಡಗು ಯಾವುದಾದರೇನು, ಭಾವನೆ ಮುಖ್ಯ.’ ಆ ಮಾತಿಗೆ ಹದಿನೈದು ಜನ ಒಪ್ಪಿಗೆ ಸೂಚಿಸಿದರು.

ನಾನು ಒಪ್ಪಲಾರೆ. ಏಕೆ ಒಪ್ಪಲಾರೆ ಎನ್ನುವುದಕ್ಕೆ ಈ ಲೇಖನ.

ಆ ದೃಶ್ಯದಲ್ಲಿರುವುದು ಬ್ರಿಟಿಷ್ ಯುದ್ಧನೌಕೆ ಎಚ್‌ಎಂಎಸ್ ಬಾರ್‌ಹ್ಯಾಮ್. 1941ರ ನವೆಂಬರ್ 25ರಂದು, ಈಜಿಪ್ಟಿನ ಕರಾವಳಿಯಾಚೆ ಮೆಡಿಟರೇನಿಯನ್ ಸಮುದ್ರದಲ್ಲಿ ಜರ್ಮನಿಯ ಯು-331 ಎಂಬ ಜಲಾಂತರ್ಗಾಮಿ ಅದಕ್ಕೆ ಟಾರ್ಪಿಡೊಗಳನ್ನು ಹೊಡೆಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮಗ್ಗುಲಾಗಿ, ಮದ್ದುಗುಂಡಿನ ಕೋಠಿ ಸಿಡಿಯಿತು. ಸತ್ತವರು 860ಕ್ಕೂ ಹೆಚ್ಚು. ಜೊತೆಯಲ್ಲಿದ್ದ ವೇಲಿಯಂಟ್ ಎಂಬ ಹಡಗಿನ ಮೇಲೆ ಜಾನ್ ಟರ್ನರ್ ಎಂಬ ವಾರ್ತಾಚಿತ್ರದ ಕ್ಯಾಮೆರಾಮನ್ ಇದ್ದುದರಿಂದ ಆ ಸಾವು ಫಿಲ್ಮಿನ ಮೇಲೆ ಉಳಿಯಿತು. ಬ್ರಿಟನ್ ಆ ನಷ್ಟವನ್ನು ಎರಡು ತಿಂಗಳು ಮುಚ್ಚಿಟ್ಟಿತು. ಫಿಲ್ಮು ಯುದ್ಧ ಮುಗಿಯುವವರೆಗೂ ಹೊರಗೆ ಬರಲಿಲ್ಲ. ಬಂದ ಮೇಲೆ ಮಾತ್ರ, ಯಾವ ಹಡಗು ಮುಳುಗಬೇಕಾದರೂ ಅದನ್ನೇ ತೋರಿಸುವುದು ಜಗತ್ತಿನ ರೂಢಿಯಾಯಿತು. ಬಾರ್‌ಹ್ಯಾಮ್ ಸುಮಾರು 31,000 ಟನ್ನಿನ ದೈತ್ಯ. 15 ಇಂಚಿನ ಎಂಟು ತೋಪುಗಳಿದ್ದವು. ಖುಕ್ರಿ ಅದರ ಇಪ್ಪತ್ತನೆಯ ಒಂದು ಪಾಲಿಗಿಂತ ಹೆಚ್ಚೇನೂ ತೂಗದ ಫ್ರಿಗೇಟ್ ಎಂಬ ಸಣ್ಣ ಬಗೆಯ ಯುದ್ಧನೌಕೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಸಮೀಪದ ಸಮುದ್ರದಲ್ಲಿ ಪಾಕಿಸ್ತಾನದ ಹ್ಯಾಂಗೋರ್ ಎಂಬ ಜಲಾಂತರ್ಗಾಮಿ ಅದನ್ನು ಹೊಡೆಯಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು ಮತ್ತು 176 ನಾವಿಕರು ಹಡಗಿನೊಡನೆ ಹೋದರು. ಕತ್ತಲಿತ್ತು, ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿದಿತ್ತು.

ಈಗ ‘ಭಾವನೆ ಮುಖ್ಯ’ ಎನ್ನುವ ಮಾತನ್ನು ನೋಡಿ. ನಾವು ಕೈಮುಗಿದದ್ದು ಖುಕ್ರಿಯ 194 ಜನರಿಗೆ. ಕಣ್ಣೆದುರು ಜಾರುತ್ತಿದ್ದದ್ದು ಬಾರ್‌ಹ್ಯಾಮ್‌ನ ಹುಡುಗರು. ಇಬ್ಬರ ಸಾವಿಗೂ ಸಲ್ಲಬೇಕಾದ ಗೌರವ ಸಲ್ಲಲಿಲ್ಲ. ಯಾರದೋ ತಿಥಿಯ ದಿನ ಇನ್ಯಾರದೋ ಫೋಟೊಕ್ಕೆ ಹೂಮಾಲೆ ಹಾಕಿದರೆ ನಮ್ಮ ಮನೆಗಳಲ್ಲಿ ಸುಮ್ಮನಿರುತ್ತೇವೆಯೇ? ಖುಕ್ರಿಯಲ್ಲಿ ಸತ್ತವರ ಹೆಂಡತಿ ಮಕ್ಕಳು ಇದೇ ದೇಶದಲ್ಲಿ ಇನ್ನೂ ಇದ್ದಾರೆ. ಅವರ ಕೈಗೂ ಈ ವಿಡಿಯೊ ತಲುಪುತ್ತದೆ.

ಆದರೆ ಕಳಿಸಿದವರನ್ನು ಬೈದರೆ ವಿಷಯ ಅರ್ಥವಾಗುವುದಿಲ್ಲ. ಹಳೆಯ ಯುದ್ಧದ ದೃಶ್ಯ ಕಂಡಾಗ ನಮ್ಮೊಳಗೆ ಏಳುವ ಪ್ರತಿಕ್ರಿಯೆಗಳು ಯಂತ್ರದ ಮೇಲಿನ ಬೆರಗು, ಹೆಮ್ಮೆ, ಸೇಡು, ಮರುಕ, ಕೆಲವೊಮ್ಮೆ ನಗು. ಅವು ಎಲ್ಲಿಂದ ಬರುತ್ತವೆ? ನೋಡುವವರ ಸ್ವಭಾವ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಬಹುಪಾಲು ಆ ಕಾಲದ ಕ್ಯಾಮೆರಾದೊಳಗೇ ಇತ್ತು ಎಂಬುದು ನಾನು ಕಂಡುಕೊಂಡ ಸಂಗತಿ.

ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಕ್ಯಾಮೆರಾಮನ್ನರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಐಮೊದಂಥ ಕೈಕ್ಯಾಮೆರಾ. ಗಡಿಯಾರಕ್ಕೆ ಕೊಡುವಂತೆ ಕೀಲಿ ಕೊಟ್ಟು ಓಡಿಸಬೇಕು. ಒಂದು ಸುರುಳಿಯಲ್ಲಿ ನೂರು ಅಡಿ ಫಿಲ್ಮ್; ಅಂದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಅದು ಮುಗಿದರೆ ಕತ್ತಲಲ್ಲಿ, ಇಲ್ಲವೆ ಕೋಟಿನ ಮರೆಯಲ್ಲಿ, ಹೊಸ ಸುರುಳಿ ತುಂಬಬೇಕು. ಇಂಥ ಕ್ಯಾಮೆರಾ ಹಿಡಿದವನು ಯಾವುದನ್ನು ಚಿತ್ರಿಸಬಲ್ಲ? ಮೊದಲೇ ಗೊತ್ತಿರುವುದನ್ನು. ವಿಮಾನ ಏರುವುದು ಗೊತ್ತಿರುತ್ತದೆ, ತೋಪು ಹಾರಿಸುವುದು ಗೊತ್ತಿರುತ್ತದೆ, ಟ್ಯಾಂಕು ಸೇತುವೆ ದಾಟುವುದು ಗೊತ್ತಿರುತ್ತದೆ. ಗುಂಡು ಯಾರಿಗೆ, ಯಾವಾಗ ತಾಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಬಾರ್‌ಹ್ಯಾಮ್‌ನಂಥದ್ದು ಕೋಟಿಗೊಂದು. ಹಾಗಾಗಿ ಇಪ್ಪತ್ತನೆಯ ಶತಮಾನದ ಯುದ್ಧದ ಫಿಲ್ಮುಗಳ ರಾಶಿಯಲ್ಲಿ ಹೊರಡುವುದು ಹೆಚ್ಚು, ಹಿಂದಿರುಗುವುದು ಕಡಿಮೆ. ಯಂತ್ರ ಹೆಚ್ಚು, ಮನುಷ್ಯ ಕಡಿಮೆ. ಹಗಲು ಹೆಚ್ಚು, ರಾತ್ರಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಖುಕ್ರಿಯ ಕೊನೆಯನ್ನು ಯಾರೂ ಚಿತ್ರಿಸಲಾಗಲಿಲ್ಲ ಎಂಬ ಆ ಖಾಲಿಯನ್ನೇ ಬಾರ್‌ಹ್ಯಾಮ್ ತಂದು ತುಂಬಿದ್ದಾರೆ.

ಸಿಗದ ದೃಶ್ಯವನ್ನು ಹೊಂದಿಸಿ ತೋರಿಸುವುದು ಇವತ್ತಿನ ಮೊಬೈಲಿನ ಪಾಪವೇನಲ್ಲ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರಾನ್ಸಿನ ಸೋಮ್ ಕಾಳಗದ ಬಗ್ಗೆ ಬ್ರಿಟನ್ ತೆಗೆದ ಸಾಕ್ಷ್ಯಚಿತ್ರವನ್ನು ಕೆಲವೇ ವಾರಗಳಲ್ಲಿ ಎರಡು ಕೋಟಿ ಜನ ನೋಡಿದರೆಂದು ಅಂದಾಜಿದೆ. ಅದರಲ್ಲಿ ಸೈನಿಕರು ಕಂದಕದಿಂದ ಮೇಲೇರುವ, ಒಬ್ಬ ಜಾರಿ ಬೀಳುವ ಪ್ರಸಿದ್ಧ ದೃಶ್ಯ ಇದೆ. ಚಿತ್ರಮಂದಿರದಲ್ಲಿ ಜನ ಅತ್ತರು. ಆ ದೃಶ್ಯವನ್ನು ತೆಗೆದದ್ದು ರಣರಂಗದಿಂದ ಹಿಂದೆ, ತರಬೇತಿ ಶಾಲೆಯೊಂದರ ಅಂಗಳದಲ್ಲಿ. ಅದೇ ಚಿತ್ರದಲ್ಲಿ ನಿಜವಾದ ಗಾಯಾಳುಗಳೂ ಇದ್ದರು, ಗಾಯಗೊಂಡ ಗೆಳೆಯನನ್ನು ಬೆನ್ನ ಮೇಲೆ ಹೊತ್ತು ತರುವವನೊಬ್ಬನಿದ್ದ. ನಿಜವೂ ನಟನೆಯೂ ಒಂದೇ ಸುರುಳಿಯಲ್ಲಿ ಹೆಣೆದುಕೊಂಡು ಬಂದಾಗ ಪ್ರೇಕ್ಷಕ ಬೇರ್ಪಡಿಸುವುದು ಹೇಗೆ?

ಬೇರ್ಪಡಿಸಲು ಒಂದು ಸಾಧನವಿತ್ತು. ಕ್ಯಾಮೆರಾಮನ್ ಪ್ರತಿ ಸುರುಳಿಯ ಜೊತೆಗೆ ಒಂದು ಹಾಳೆಯನ್ನು ತುಂಬಿ ಕಳಿಸಬೇಕಿತ್ತು. ಅದಕ್ಕೆ ಡೋಪ್ ಶೀಟ್ ಎನ್ನುತ್ತಿದ್ದರು. ತಾರೀಖು, ಸ್ಥಳ, ಯಾವ ಪಡೆ, ಮೊದಲ ಇಪ್ಪತ್ತು ಅಡಿಯಲ್ಲಿ ಏನಿದೆ, ಮುಂದಿನ ಮೂವತ್ತು ಅಡಿಯಲ್ಲಿ ಏನಿದೆ, ಎಲ್ಲವನ್ನೂ ಪೆನ್ಸಿಲಿನಲ್ಲೋ ಟೈಪ್ ಮಾಡಿಯೋ ಬರೆದ ಹಾಳೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಂಥ ಸಂಗ್ರಹಾಲಯಗಳಲ್ಲಿ ಈ ಹಾಳೆಗಳನ್ನು ಫಿಲ್ಮಿನಷ್ಟೇ ಜತನದಿಂದ ಇಟ್ಟಿದ್ದಾರೆ. ನನ್ನ ಮಟ್ಟಿಗೆ ಫಿಲ್ಮಿನ ಅರ್ಧ ಜೀವ ಆ ಚೀಟಿಯಲ್ಲಿದೆ. 2014ರಲ್ಲಿ ಬ್ರಿಟಿಷ್ ಪಾಥೆ ಸಂಸ್ಥೆ ತನ್ನ ಸುಮಾರು 85,000 ವಾರ್ತಾಚಿತ್ರಗಳನ್ನು ಯೂಟ್ಯೂಬಿಗೆ ಏರಿಸಿದಾಗ ಪ್ರತಿಯೊಂದಕ್ಕೂ ಶೀರ್ಷಿಕೆ, ವಿವರ ಇತ್ತು. ಅಲ್ಲಿಂದ ಯಾರೋ ಇಪ್ಪತ್ತು ಸೆಕೆಂಡು ಕತ್ತರಿಸಿದರು. ಇನ್ನೊಬ್ಬರು ಸಂಗೀತ ಹಾಕಿದರು. ಮತ್ತೊಬ್ಬರು ಕನ್ನಡದ ತಲೆಬರಹ ಕೊಟ್ಟರು. ಮೂರು ಕೈ ದಾಟುವಷ್ಟರಲ್ಲಿ ಚೀಟಿ ಹರಿದು ಬಿದ್ದುಹೋಗುತ್ತದೆ. ಆಮೇಲೆ ಕಣ್ಣಿಗೆ ಉಳಿಯುವುದು ಯಂತ್ರವೊಂದೇ. ಅದಕ್ಕೆ ಊರು ಬೇಡ, ತಾರೀಖು ಬೇಡ. ಟ್ಯಾಂಕು ಟ್ಯಾಂಕಾಗಿಯೇ ಚಂದ.

ನನ್ನ ಅಣ್ಣನ ಮಗ ಹದಿನಾಲ್ಕು ವರ್ಷದವನು. ಯಾವ ಟ್ಯಾಂಕಿಗೆ ಎಷ್ಟು ಕುದುರೆ ಶಕ್ತಿ, ಯಾವ ತೋಪಿನ ಬಾಯಿ ಎಷ್ಟು ಮಿಲಿಮೀಟರ್ ಎನ್ನುವುದು ಅವನಿಗೆ ಬಾಯಿಪಾಠ. ಈ ಹುಡುಗರನ್ನು ಯುದ್ಧಪ್ರಿಯರು ಎಂದು ಗದರಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಂತ್ರವನ್ನು ಕಂಡು ಬೆರಗಾಗುವುದು ತಪ್ಪಲ್ಲ, ಅದು ಕುತೂಹಲದ ಮೊದಲ ಮೆಟ್ಟಿಲು. ನನ್ನ ಆತಂಕ ಬೇರೆ. ಯುದ್ಧವಿಮಾನದ ರೆಕ್ಕೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇರುತ್ತಿತ್ತು. ಗುಂಡು ಹಾರಿಸುವ ಗುಂಡಿ ಒತ್ತಿದಾಗ ಮಾತ್ರ ಅದು ಓಡುತ್ತಿತ್ತು. ಗುರಿ ತಾಗಿತೇ ಇಲ್ಲವೇ ಎಂದು ಪರೀಕ್ಷಿಸಲು ಮಾಡಿದ ಏರ್ಪಾಡು. ಇಂದು ನಾವು ನೋಡುವ ವಾಯುಯುದ್ಧದ ದೃಶ್ಯಗಳಲ್ಲಿ ಎಷ್ಟೋ ಆ ಕ್ಯಾಮೆರಾದವು. ಅವುಗಳಲ್ಲಿ ನೋಡುವವನಿಗೆ ಒಂದೇ ಆಸನ: ಗುಂಡು ಹಾರಿಸುವವನದ್ದು. ಎದುರಿನ ರೈಲು, ಎದುರಿನ ವಿಮಾನ, ಎದುರಿನ ಊರು ಹೊಗೆಯಾಗುತ್ತದೆ. ಹೊಗೆಯ ಆಚೆ ಹೋಗಿ ನೋಡುವ ದಾರಿ ಆ ಫಿಲ್ಮಿನಲ್ಲಿ ಇಲ್ಲ. ಹುಡುಗರು ಚಪ್ಪಾಳೆ ತಟ್ಟುವುದು ಅವರ ಕ್ರೌರ್ಯದಿಂದಲ್ಲ. ಬೇರೆ ಕಡೆಯಿಂದ ನೋಡುವ ಅವಕಾಶವನ್ನು ದೃಶ್ಯವೇ ಅವರಿಗೆ ಕೊಟ್ಟಿಲ್ಲ.

ಈ ಹುಡುಗನನ್ನು ಒಂದು ಭಾನುವಾರ ಅಂಕೋಲೆಯ ಹಿರಿಯರ ಮನೆಗೆ ಕರೆದುಕೊಂಡು ಹೋದೆ. ಐಎನ್‌ಎಸ್ ವಿಕ್ರಾಂತ ಎಂಬ ವಿಮಾನವಾಹಕ ನೌಕೆಯ ಡೆಕ್ಕಿನಿಂದ 1971ರಲ್ಲಿ ವಿಮಾನಗಳು ಏರುವ ಹಳೆಯ ದೃಶ್ಯವನ್ನು ಇಬ್ಬರೂ ಒಟ್ಟಿಗೆ ನೋಡಿದರು. ‘ಅಜ್ಜ, ಇದು ಸೀ ಹಾಕ್, ಒಳಗೆ ರೋಲ್ಸ್ ರಾಯ್ಸ್ ಎಂಜಿನ್’ ಎಂದು ಹುಡುಗ ಶುರುಮಾಡಿದ. ಹಿರಿಯರು ತಲೆಯಾಡಿಸಿದರು. ಅವರ ಬೆರಳು ವಿಮಾನದ ಕಡೆ ಇರಲಿಲ್ಲ, ಚಿಮಣಿಯ ಕಡೆ ಇತ್ತು. ‘ಎಲ್ಲರೂ ವಿಮಾನ ನೋಡುತ್ತಾರೆ ತಂಗಿ. ನಾವು ಹೊಗೆ ನೋಡುತ್ತೇವೆ. ಈ ಹೊಗೆ ನಾಲ್ಕು ಬಾಯ್ಲರಿನದ್ದಲ್ಲ, ಮೂರರದ್ದು.’

ಅವರು ಹೇಳಿದ್ದು ದಾಖಲೆಯಲ್ಲಿರುವ ಸಂಗತಿ. ಯುದ್ಧಕ್ಕೆ ಮುಂಚೆಯೇ ವಿಕ್ರಾಂತದ ಬಾಯ್ಲರ್‌ನಲ್ಲಿ ಬಿರುಕು ಕಂಡಿತ್ತು. ಬಿರುಕು ಬಿಟ್ಟ ಬಾಯ್ಲರನ್ನು ಬಿಟ್ಟು, ಉಳಿದ ಮೂರಕ್ಕೆ ಜೋಪಾನದಿಂದ ಉಕ್ಕಿನ ಪಟ್ಟಿ ಬಿಗಿದು, ವೇಗವನ್ನು ತಗ್ಗಿಸಿ ಅದನ್ನು ಬಂಗಾಳ ಕೊಲ್ಲಿಗೆ ಕಳಿಸಿದರು. ವಿಮಾನವಾಹಕ ನೌಕೆಗೆ ವೇಗ ಕಡಿಮೆಯಾಗುವುದು ಸಣ್ಣ ಮಾತಲ್ಲ. ಹಡಗು ಗಾಳಿಗೆ ಎದುರಾಗಿ ಓಡಿದಾಗ ಡೆಕ್ಕಿನ ಮೇಲೆ ಹಾಯುವ ಗಾಳಿ ವಿಮಾನವನ್ನು ಎತ್ತಲು ನೆರವಾಗುತ್ತದೆ. ವಿಮಾನವನ್ನು ಕವಣೆಯಂತೆ ಎಸೆಯುವ ಯಂತ್ರ ನಡೆಯುವುದೂ ಅದೇ ಬಾಯ್ಲರುಗಳ ಹಬೆಯಿಂದ. ಹೀಗೆ ಕುಂಟುತ್ತಲೇ ಹೋದ ಹಡಗಿನಿಂದ ಡಿಸೆಂಬರ್ 4ರಂದು ಸೀ ಹಾಕ್‌ಗಳು ಎದ್ದು ಕಾಕ್ಸ್ ಬಜಾರ್ ಮೇಲೆ, ಆಮೇಲೆ ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಆ ಹತ್ತು ಸೆಕೆಂಡಿನ ದೃಶ್ಯದ ಹಿಂದೆ ಮುಂಬಯಿಯ ಡಾಕ್‌ಯಾರ್ಡಿನ ಬೆಸುಗೆಗಾರರ, ಫಿಟ್ಟರುಗಳ ತಿಂಗಳುಗಟ್ಟಲೆಯ ಕೆಲಸ ಇದೆ. ಅದನ್ನು ಯಾವ ಕ್ಯಾಮೆರಾವೂ ತೆಗೆಯಲಿಲ್ಲ. ಹುಡುಗ ದೃಶ್ಯವನ್ನು ಹಿಂದಕ್ಕೆ ಓಡಿಸಿ ಹೊಗೆಯನ್ನು ಮತ್ತೆ ನೋಡಿದ. ಅವನ ಬೆರಗು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು.

ಅದೇ ದೃಶ್ಯವನ್ನು ಮನೆಯಲ್ಲಿ ನಮ್ಮ ಅಮ್ಮನಿಗೆ ತೋರಿಸಿದೆ. 1971ರಲ್ಲಿ ಅವರು ಮದುವೆಯಾಗಿ ಉಡುಪಿಯಿಂದ ಪರೇಲಿನ ಚಾಳಿಗೆ ಬಂದು ಏಳು ತಿಂಗಳಾಗಿತ್ತು. ಹಡಗಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ‘ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಲು ಮೈದಾ ಕಲಸಿ ಅಂಟು ಕಾಯಿಸಿದ್ದೆ. ಸೈರನ್ ಆದ ಕೂಡಲೇ ಸ್ಟೌ ಆರಿಸಬೇಕು. ಅರ್ಧ ಬೆಂದ ಅನ್ನ ಎಷ್ಟು ರಾತ್ರಿ ತಿಂದಿದ್ದೇವೆ’ ಎಂದರು. ಅದೂ 1971ರ ಯುದ್ಧವೇ. ಅಮ್ಮನ ಕತ್ತಲೆ ಕೋಣೆಯನ್ನು ಚಿತ್ರಿಸಲು ಯಾರೂ ಬಂದಿರಲಿಲ್ಲ.

ಇನ್ನು ಧ್ವನಿ, ವೇಗ, ಬಣ್ಣ. ರಣರಂಗದ ಹಳೆಯ ಫಿಲ್ಮುಗಳು ಬಹುಪಾಲು ಮೂಕವಾಗಿ ತೆಗೆದವು. ನಾವು ಕೇಳುವ ಗುಂಡಿನ ಸದ್ದು ಸ್ಟುಡಿಯೊದಲ್ಲಿ ಸೇರಿಸಿದ್ದು. ಮೊದಲ ಮಹಾಯುದ್ಧದ ಸೈನಿಕರು ತಟತಟನೆ ಓಡಾಡುವುದನ್ನು ಕಂಡು ಮಕ್ಕಳು ನಗುತ್ತಾರೆ. ಆಗಿನ ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸಿ ಸೆಕೆಂಡಿಗೆ ಹದಿನಾರು, ಹದಿನೆಂಟು ಚಿತ್ರ ತೆಗೆಯುತ್ತಿದ್ದರು; ಅದನ್ನು ಇಪ್ಪತ್ತನಾಲ್ಕರ ವೇಗದಲ್ಲಿ ಓಡಿಸಿದರೆ ಸಾವಿನ ಕಡೆಗೆ ನಡೆಯುವವನೂ ವಿದೂಷಕನಂತೆ ಕಾಣುತ್ತಾನೆ. ವೇಗವನ್ನು ಸರಿಪಡಿಸಿ ತೋರಿಸಿ, ಆ ನಗು ತಾನಾಗಿ ನಿಲ್ಲುತ್ತದೆ. ಬಣ್ಣದ ವಿಚಾರ ಇಷ್ಟು ಸುಲಭವಲ್ಲ. ಆ ಕಾಲದ ಹಳೆಯ ಬಗೆಯ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗುತ್ತಿತ್ತು, ನೀಲಿ ಬಿಳಿಚಿಕೊಳ್ಳುತ್ತಿತ್ತು. ಅಂಥ ಫಿಲ್ಮಿಗೆ ಈಗ ಕೃತಕ ಬುದ್ಧಿಮತ್ತೆ ಬಳಿಯುವ ಬಣ್ಣ ಊಹೆಯ ಬಣ್ಣ. ಬಣ್ಣವನ್ನಾದರೂ ಕ್ಷಮಿಸಬಹುದು, ಮಸುಕಾದ ಮುಖಗಳನ್ನು ‘ಸ್ಪಷ್ಟ’ ಮಾಡುವುದನ್ನು ನಾನು ಕ್ಷಮಿಸಲಾರೆ. ಅಲ್ಲಿ ಇಲ್ಲದ ಕಣ್ಣು ಮೂಗುಗಳನ್ನು ಯಂತ್ರ ಬರೆಯುತ್ತದೆ. ಎರಡನೆಯ ಮಹಾಯುದ್ಧಕ್ಕೆ ಭಾರತದಿಂದ ಇಪ್ಪತ್ತೈದು ಲಕ್ಷ ಜನ ಹೋದರು, ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲೊಬ್ಬನ ಮೊಮ್ಮಗಳು ಇಂಥ ಫಿಲ್ಮಿನ ಸೈನಿಕರ ಸಾಲಿನಲ್ಲಿ ತನ್ನ ಅಜ್ಜನನ್ನು ಹುಡುಕುತ್ತಿದ್ದರೆ ಅವಳಿಗೆ ಸಿಗುವುದು ಹುಟ್ಟೇ ಇರದ ಒಬ್ಬನ ಮುಖ.

ಮುಂಬಯಿಯವರಾದ ನಾವು ನೋಡಲೇಬೇಕಾದ, ಆದರೆ ನೋಡಲು ಬಿಡದ ಒಂದು ದೃಶ್ಯದ ಕಥೆ ಇದೆ. 1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕ್‌ನಲ್ಲಿ, ಇಲ್ಲಿಯವರ ಮಾತಿನಲ್ಲಿ ಗೋದಿಯಲ್ಲಿ, ಫೋರ್ಟ್ ಸ್ಟಿಕೀನ್ ಎಂಬ ಸರಕಿನ ಹಡಗು ನಿಂತಿತ್ತು. ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ. ಅದರ ಜೊತೆಯಲ್ಲೇ ಚಿನ್ನದ ಗಟ್ಟಿಗಳು, ಕರಾಚಿಯಲ್ಲಿ ತುಂಬಿದ ಹತ್ತಿಯ ಬೇಲುಗಳು. ಮಧ್ಯಾಹ್ನ ಹತ್ತಿಗೆ ಬೆಂಕಿ ತಗುಲಿತು. ನಾಲ್ಕು ಗಂಟೆ ದಾಟಿದ ಮೇಲೆ ಒಂದು ಸ್ಫೋಟ, ಅರ್ಧ ಗಂಟೆಯ ಮೇಲೆ ಇನ್ನೂ ದೊಡ್ಡದು. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದ 66 ಜನ ಸತ್ತರು. ಒಟ್ಟು ಸಾವು ಎಂಟುನೂರಕ್ಕೂ ಮೇಲೆ ಎಂದು ಸಾಮಾನ್ಯ ಲೆಕ್ಕ. ಇಂದಿಗೂ ಏಪ್ರಿಲ್ 14 ದೇಶದ ಅಗ್ನಿಶಾಮಕ ದಿನವಾಗಿರುವುದು ಅವರ ನೆನಪಿಗೆ. ಕೋಟೆ ಭಾಗದ ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದ ಹುಡುಗರ ನಗರ ಅದು. ಗೋದಿ ಅವರಿಂದ ನಡೆದು ಹೋಗುವಷ್ಟು ದೂರ.

ಸುಧೀಶ್ ಘಟಕ್ ಎಂಬ ಛಾಯಾಗ್ರಾಹಕ ಆ ದುರಂತವನ್ನು ಚಿತ್ರಿಸಿದ್ದರು. ಸೇನಾಧಿಕಾರಿಗಳು ಫಿಲ್ಮನ್ನು ವಶಪಡಿಸಿಕೊಂಡರು. ಆಮೇಲೆ ಅದರ ಕೆಲವು ಭಾಗ ಮಾತ್ರ ವಾರ್ತಾಚಿತ್ರವಾಗಿ ಹೊರಬಂತು. ಪತ್ರಿಕೆಗಳ ಬಾಯಿ ಕಟ್ಟಿತ್ತು. ಜಗತ್ತಿಗೆ ಮೊದಲು ಸುದ್ದಿ ಹೇಳಿದ್ದು ಜಪಾನಿಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ. ಎರಡನೆಯ ಮಹಾಯುದ್ಧ ಎಂದೊಡನೆ ನಮ್ಮ ಮಕ್ಕಳ ಕಣ್ಣಿಗೆ ನಾರ್ಮಂಡಿಯ ಮರಳದಂಡೆ ಬರುತ್ತದೆ, ಗೋದಿಯ ಪಕ್ಕದ ಮಸೀದ್ ಬಂದರಿನ ಉರಿ ಬರುವುದಿಲ್ಲ. ಲೋಕಲ್ ಗಾಡಿಯಲ್ಲಿ ದಿನವೂ ಮಸೀದ್ ಸ್ಟೇಷನ್ ದಾಟುವ ನನಗೂ ಇದು ತಿಳಿದದ್ದು ಮೂವತ್ತು ವರ್ಷ ದಾಟಿದ ಮೇಲೆ. ಯಾರ ದೃಶ್ಯ ಉಳಿಯಿತೋ ಅವರ ಯುದ್ಧವೇ ಎಲ್ಲರ ಯುದ್ಧವಾಗಿಬಿಡುತ್ತದೆ.

ಫಿಲ್ಮು ಉಳಿಯುವುದೂ ಕಷ್ಟ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ರಸಾಯನದ ದೃಷ್ಟಿಯಿಂದ ತೋಪಿಗೆ ಹಾಕುವ ಗನ್‌ಕಾಟನ್‌ನ ದಾಯಾದಿ. ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಉಗ್ರಾಣದಲ್ಲಿ ಬಿದ್ದ ಬೆಂಕಿಯಲ್ಲಿ ಇಂಥ ಎಷ್ಟೋ ಸುರುಳಿಗಳು ಹೋದವು. ಉಳಿದಿರುವುದರಲ್ಲಿ ಬಹುಪಾಲು ಮುಂಬಯಿಯ ಪೆಡ್ಡರ್ ರಸ್ತೆಯ ಫಿಲ್ಮ್ಸ್ ಡಿವಿಜನ್ ಮತ್ತು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಗಳು ಕಾಪಾಡಿದ್ದು. 2022ರಲ್ಲಿ ಇವೆರಡೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿದವು. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್ ವಾರವಾರವೂ ತೆಗೆದ ವಾರ್ತಾಚಿತ್ರಗಳು ಕನ್ನಡದ ವಿವರಣೆಯೊಡನೆ ನಮ್ಮ ಊರುಗಳ ಟೂರಿಂಗ್ ಟಾಕೀಸಿಗೂ ಬರುತ್ತಿದ್ದವು. ರಾಜ್‌ಕುಮಾರರ ಚಿತ್ರಕ್ಕೆ ಕಾದು ಕುಳಿತ ಜನ ಮೊದಲು ಯುದ್ಧವನ್ನು ನೋಡುತ್ತಿದ್ದರು. ಅದು ಸರ್ಕಾರದ ಧ್ವನಿ, ಸೋಲನ್ನು ಮೆಲ್ಲಗೆ ಹೇಳುವ ಧ್ವನಿ, ನಿಜ. ಆದರೂ ಆ ಧ್ವನಿ ಇದು ಯಾವ ಊರು, ಯಾವ ದಿನ ಎಂದು ಹೇಳುತ್ತಿತ್ತು.

ಚೀಟಿ ಕಳಚಿದ ದೃಶ್ಯ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2025ರ ಮೇ ತಿಂಗಳಲ್ಲಿ ನಾವೆಲ್ಲ ಕಂಡೆವು. ಆಪರೇಷನ್ ಸಿಂಧೂರದ ಆ ರಾತ್ರಿಗಳಲ್ಲಿ ಬೇರೆ ದೇಶಗಳ ಹಿಂದಿನ ದೃಶ್ಯಗಳು, ವಿಡಿಯೊ ಗೇಮಿನ ದೃಶ್ಯಗಳು ‘ಈಗಷ್ಟೇ’ ಎಂಬ ತಲೆಬರಹದೊಡನೆ ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಪತ್ರಿಕಾ ಮಾಹಿತಿ ಕಚೇರಿಯ ಫ್ಯಾಕ್ಟ್ ಚೆಕ್ ವಿಭಾಗ ಒಂದೊಂದನ್ನೇ ಸುಳ್ಳೆಂದು ಸಾರುತ್ತ ಕುಳಿತಿತ್ತು. ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿತು ಎಂಬ ಸುದ್ದಿಯನ್ನು ಟಿವಿ ವಾಹಿನಿಗಳೂ ಹೇಳಿದವು. ಅಂಥದ್ದು ನಡೆದೇ ಇರಲಿಲ್ಲ.

ಕರಾಚಿಯ ಸುದ್ದಿಯನ್ನೇ ಜನ ಅಷ್ಟು ಬೇಗ ನಂಬಿದ್ದೇಕೆ? ಕರಾಚಿ ನಿಜವಾಗಿಯೂ ಒಮ್ಮೆ ಉರಿದಿತ್ತು. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಪುಟ್ಟ ಕ್ಷಿಪಣಿ ದೋಣಿಗಳು ಅಲ್ಲಿಗೆ ನುಗ್ಗಿದವು. ನೌಕಾಪಡೆ ದಿನ ಆಚರಿಸುವುದು ಅದಕ್ಕಾಗಿಯೇ. 8ರ ರಾತ್ರಿ ವಿನಾಶ್ ಎಂಬ ಅಂಥದ್ದೇ ಇನ್ನೊಂದು ದೋಣಿ ಅದೇ ಬಂದರಿನ ಕೆಮಾರಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಖುಕ್ರಿ ಮುಳುಗಿದ್ದು ಅದರ ಮರುರಾತ್ರಿ. ನಮ್ಮ ಡಿಸೆಂಬರಿನ ವಿಡಿಯೊಗಳಲ್ಲಿ ಕರಾಚಿಯ ಉರಿ ಒಂದು ಕಡೆ, ಖುಕ್ರಿಯ ಸಾವು ಇನ್ನೊಂದು ಕಡೆ ಬೇರೆ ಬೇರೆ ಸಂಗೀತದೊಡನೆ ಬರುತ್ತವೆ. ಇಪ್ಪತ್ತನಾಲ್ಕು ಗಂಟೆಯ ಅಂತರದಲ್ಲಿ, ಒಂದೇ ಸಮುದ್ರದಲ್ಲಿ ಎರಡೂ ನಡೆದವೆಂದು ತಿಳಿದವರು ಗುಂಪಿನಲ್ಲಿ ಎಷ್ಟು ಜನ ಇದ್ದರು? ತಾರೀಖು ಗೊತ್ತಿಲ್ಲದ ನೆನಪು ಯಾವ ವರ್ಷಕ್ಕೂ ಅಂಟಿಕೊಳ್ಳುತ್ತದೆ. 1971 ಸಲೀಸಾಗಿ 2025 ಆಗುತ್ತದೆ.

ಸಾವನ್ನು ಪೂರ್ತಿ ತೋರಿಸಿದರೆ ಜನ ಸರಿಯಾಗಿ ನೋಡುತ್ತಾರೆ ಎಂದು ಕೆಲವರು ವಾದಿಸುತ್ತಾರೆ. ಅಮೆರಿಕ 1943ರವರೆಗೂ ತನ್ನ ಸೈನಿಕರ ಹೆಣದ ಚಿತ್ರಗಳನ್ನು ತಡೆಹಿಡಿದು, ತಾರಾವಾ ದ್ವೀಪದ ಕಾಳಗದ ಫಿಲ್ಮನ್ನು ಅಧ್ಯಕ್ಷ ರೂಸ್‌ವೆಲ್ಟರ ಒಪ್ಪಿಗೆಯ ಮೇಲೆ ತೋರಿಸಿತು. ನೋಡಿದವರು ನಡುಗಿದರು. ಆದರೆ ಆ ಹೆಣಗಳ ಹಿಂದೆ ಇದು ತಾರಾವಾ, ಇವರು ನಮ್ಮ ಊರಿನ ಹುಡುಗರು ಎಂಬ ಅರಿವಿತ್ತು. ಬಾರ್‌ಹ್ಯಾಮ್‌ನಲ್ಲೂ ಸಾವು ಪೂರ್ತಿ ಕಾಣುತ್ತದೆ. ನಮ್ಮ ಗುಂಪಿನಲ್ಲಿ ಅದು ಯಾರ ಸಾವೂ ಆಗಲಿಲ್ಲ.

ಹಾಗಾಗಿ ನಮ್ಮ ಬಳಗದಲ್ಲಿ ಈಗ ಒಂದು ರೂಢಿ ಮಾಡಿಕೊಂಡಿದ್ದೇವೆ. ಯುದ್ಧದ ಹಳೆಯ ದೃಶ್ಯ ಹಾಕುವವರು ಅದರ ಕೆಳಗೆ ಯಾವ ಹಡಗು, ಯಾವ ಸಮುದ್ರ, ಯಾವ ದಿನ, ಎಲ್ಲಿಂದ ಸಿಕ್ಕಿತು ಎಂದು ಒಂದು ಸಾಲು ಬರೆಯಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಬೇಕು. ವಿಡಿಯೊಗಳ ಸಂಖ್ಯೆ ಅರ್ಧಕ್ಕಿಳಿದಿದೆ. ಬಂದವುಗಳ ಕೆಳಗೆ ಮಾತು ಹೆಚ್ಚಾಗಿದೆ. ಗದಗಿನ ಕಡೆಯ ಒಬ್ಬರು ತಮ್ಮ ತಂದೆ 1965ರಲ್ಲಿ ಸೇನೆಯ ಲಾರಿ ಓಡಿಸುತ್ತಿದ್ದ ಸಂಗತಿಯನ್ನು ಮೊದಲ ಬಾರಿಗೆ ಬರೆದರು.

ಆ ಹಳೆಯ ವಿಕ್ರಾಂತ ಈಗಿಲ್ಲ. 1997ರಲ್ಲಿ ನಿವೃತ್ತವಾಗಿ, ಕೆಲವು ವರ್ಷ ತೇಲುವ ವಸ್ತುಸಂಗ್ರಹಾಲಯವಾಗಿದ್ದು, 2014ರ ಕೊನೆಯಲ್ಲಿ ದಾರುಖಾನಾದ ಹಡಗು ಒಡೆಯುವ ಅಂಗಳದಲ್ಲಿ ತುಂಡುತುಂಡಾಗತೊಡಗಿತು. ಅಂಕೋಲೆಯ ಹಿರಿಯರು ಅದನ್ನು ಒಡೆಯುವುದನ್ನು ನೋಡಲು ಹೋಗಲಿಲ್ಲ. ಅವರ ಬಳಿ ಉಳಿದಿರುವುದು ಅಂಗೈಯಗಲದ ಒಂದು ಫೋಟೊ: ಬಾಯ್ಲರ್ ಶಾಪಿನ ಬಾಗಿಲಲ್ಲಿ ಐವರು ಹುಡುಗರು, ಮೊಣಕಾಲವರೆಗೆ ಮಸಿ. ಆ ಭಾನುವಾರ ಹೊರಡುವ ಹೊತ್ತಿಗೆ ನನ್ನ ಅಣ್ಣನ ಮಗ ಅದರ ಹಿಂಬದಿಯನ್ನು ತಿರುಗಿಸಿ ನೋಡಿದ; ಖಾಲಿ ಇತ್ತು. ಚೀಲದಿಂದ ಪೆನ್ಸಿಲ್ ತೆಗೆದು, ‘ಹೇಳಿ ಅಜ್ಜ’ ಎಂದ. ಹಿರಿಯರು ಕನ್ನಡಕ ಏರಿಸಿ ಎಡದಿಂದ ಶುರುಮಾಡಿದರು. 1971, ಮಳೆಗಾಲಕ್ಕೆ ಮುಂಚೆ. ನೌಕಾ ಡಾಕ್‌ಯಾರ್ಡ್, ಮುಂಬಯಿ. ನಾಲ್ಕು ಹೆಸರುಗಳನ್ನು ಊರಿನ ಸಮೇತ ಹೇಳಿದರು: ಅಂಕೋಲೆ, ರತ್ನಗಿರಿ, ಕಾರವಾರ, ಮಡಗಾಂವ. ಐದನೆಯವನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತರು. ‘ಎತ್ತರದ ಹುಡುಗ. ಚೆನ್ನಾಗಿ ಹಾಡುತ್ತಿದ್ದ. ಹೆಸರು ಬರುತ್ತಿಲ್ಲ’ ಎಂದರು. ಹುಡುಗ ಹಾಗೆಯೇ ಬರೆದುಕೊಂಡ, ಹೆಸರಿಗೆ ಒಂದು ಸಾಲು ಜಾಗ ಬಿಟ್ಟು.